ಪುಣೆಯಲ್ಲಿ ನಗರಸೇವಕಿಯ ತಿಂಗಳ ಸಭೆ: ದೂರು ಕೇಳಿ ಎದ್ದುಹೋಗದಂತೆ ನಡೆಸುವುದು ಹೇಗೆ?

ಕಾತ್ರಜ್ ಕನ್ನಡಿಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪುಣೆ ಮಹಾನಗರಪಾಲಿಕೆಯಲ್ಲಿ 2022ರ ಮಾರ್ಚ್‌ನಿಂದ ಚುನಾಯಿತ ಸಭೆಯೇ ಇರಲಿಲ್ಲ, ಎಲ್ಲವೂ ಪ್ರಶಾಸಕರ (ಆಡಳಿತಾಧಿಕಾರಿಯ) ಕೈಯಲ್ಲಿತ್ತು. 2026ರ ಜನವರಿ 15ರ ಮತದಾನದ ಮೇಲೆ ಈಗ ನಗರಸೇವಕರು, ಅಂದರೆ ಕಾರ್ಪೊರೇಟರ್‌ಗಳು, ಬಂದಿದ್ದಾರೆ. ನಮ್ಮ ಪ್ರಭಾಗದ (ವಾರ್ಡಿನ) ನಾಲ್ವರಲ್ಲಿ ಒಬ್ಬ ನಗರಸೇವಕಿ ಪ್ರತಿ ತಿಂಗಳು ಜನರ ಸಭೆ ಮಾಡುವುದಾಗಿ ಹೇಳಿದ್ದಾರೆ. ಸಭೆಯ ಬರವಣಿಗೆ, ಪಟ್ಟಿ, ಆಮೇಲೆ ಬೆನ್ನು ಹತ್ತುವ ಕೆಲಸ ನಮ್ಮ ಏಳು ಜನರ ಗುಂಪಿಗೆ ಬಂದಿದೆ.

ಇಂಥ ಸಭೆಗಳು ಎರಡು ತಿಂಗಳು ತುಂಬಿರುತ್ತವೆ, ಮೂರನೆಯ ತಿಂಗಳಿಗೆ ಅರ್ಧ ಕುರ್ಚಿ ಖಾಲಿ. ಹೇಳಿದ್ದು ಏನಾಯಿತು ಅಂತ ಗೊತ್ತಾಗದೆ ಜನ ಬರುವುದನ್ನು ಬಿಡುತ್ತಾರೆ. ದೂರುಗಳನ್ನು ಹೇಗೆ ಬರೆದುಕೊಳ್ಳಬೇಕು? ನಾಗರಿಕರ ಸಲಹೆಯನ್ನು ಅಂದಾಜುಪತ್ರಕಕ್ಕೆ, ಅಂದರೆ ಬಜೆಟ್‌ಗೆ, ಸೇರಿಸುವ ದಾರಿ ಯಾವುದು? ನಾಲ್ವರು ನಗರಸೇವಕರಿದ್ದಾಗ ‘ಅದು ಅವರ ಭಾಗ’ ಎನ್ನುವ ಮಾತಿಗೆ ಏನು ಮಾಡಬೇಕು? ನಮ್ಮಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕೂಲಿಯವರ ವಸ್ತಿಯೂ ಇದೆ. ಅವರು ಸಭೆಗೆ ಬರುವುದೇ ಇಲ್ಲ. ಕೊನೆಯದಾಗಿ, ಒಬ್ಬ ನಗರಸೇವಕಿ ಮುಖ್ಯಸಭೆಯಲ್ಲಿ (ಎಲ್ಲ ನಗರಸೇವಕರ ಸಾಮಾನ್ಯ ಸಭೆಯಲ್ಲಿ) ಹಟ ಹಿಡಿದರೆ ನಿಜಕ್ಕೂ ಬದಲಾಗಬಹುದಾದ ನಿಯಮ ಯಾವುದು?

ಹಳೇ ಎಸ್ಟಿಮೇಟ್ ಉತ್ತರ:

ಮೊದಲು ಒಂದು ಮಾತು ತಲೆಯಲ್ಲಿ ಕೂತಿರಲಿ. ಪಾಲಿಕೆಯಲ್ಲಿ ಕಾರ್ಯಾಂಗದ ಅಧಿಕಾರ ಇರುವುದು ಆಯುಕ್ತರ ಬಳಿ. ನಗರಸೇವಕಿ ಕನಿಷ್ಠ ಅಭಿಯಂತಾಗೆ (ಜೂನಿಯರ್ ಎಂಜಿನಿಯರ್‌ಗೆ) ಹೇಳಬಹುದು, ಬರೆಯಬಹುದು, ಸಭೆಯಲ್ಲಿ ಲಿಖಿತ ಪ್ರಶ್ನೆ ಕೇಳಬಹುದು, ಆದೇಶ ಹೊರಡಿಸಲಾಗದು. ಆದ್ದರಿಂದ ಸಭೆಯಲ್ಲಿ ಆಡಿದ ಮಾತು ಕಾಗದವಾಗಿ ಕ್ಷೇತ್ರೀಯ ಕಾರ್ಯಾಲಯದ (ವಾರ್ಡ್ ಆಫೀಸಿನ) ಆವಕ ಖಿಡಕಿಗೆ, ಅಂದರೆ ಕಾಗದ ಸ್ವೀಕರಿಸುವ ಕಿಟಕಿಗೆ, ಹೋಗಿ, ಆವಕ ಕ್ರಮಾಂಕದ ಶಿಕ್ಕಾ (ಮೊಹರು) ಬೀಳದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು. ನಿಮ್ಮ ಏಳು ಜನರ ಮುಖ್ಯ ಕೆಲಸ ಅದೇ: ಮಾತನ್ನು ಕಾಗದ ಮಾಡುವುದು, ಕಾಗದಕ್ಕೆ ನಂಬರ್ ಪಡೆಯುವುದು.

ದೂರು ಬಂದ ಕೂಡಲೇ ಮೂರು ಗುಂಪು ಮಾಡಿ. ಬೀದಿದೀಪ ಉರಿಯುತ್ತಿಲ್ಲ, ಒಳಚರಂಡಿಯ ಚೇಂಬರ್ ಉಕ್ಕುತ್ತಿದೆ, ಕಸ ಎತ್ತಿಲ್ಲ ಎಂಬಂಥವಕ್ಕೆ ಹೊಸ ಹಣ ಬೇಡ, ಪಾಲಿಕೆಯ ದೂರು ಆ್ಯಪಿನಲ್ಲಿ ಹಾಕಿ ಟೋಕನ್ ನಂಬರ್ ತೆಗೆದುಕೊಳ್ಳಿ. ಇವು ಸಭೆಯವರೆಗೂ ಬರಬಾರದು. ಬಂದರೆ ಎರಡು ಗಂಟೆಯಲ್ಲಿ ಒಂದೂಮುಕ್ಕಾಲು ಗಂಟೆ ಇವೇ ತಿಂದುಹಾಕುತ್ತವೆ. ಎರಡನೆಯವು ಹಣ ಬೇಕಾದ ಕೆಲಸಗಳು: ಫುಟ್‌ಪಾತ್, ಹೊಸ ಕಂಬ, ಒಳಚರಂಡಿ ಕೊಳವೆ ಬದಲಾವಣೆ. ಮೂರನೆಯವು ನಿಯಮ ಬದಲಾಗದೆ ಬಗೆಹರಿಯದವು. ಸಭೆ ನಡೆಯಬೇಕಾದದ್ದು ಎರಡು ಮತ್ತು ಮೂರರ ಮೇಲೆ.

ನೋಂದಣಿ ವಹಿ ಸಾದಾ ಉದ್ದನೆಯ ರಿಜಿಸ್ಟರ್ ಆದರೂ ಸಾಕು. ತಾರೀಖು, ಜಾಗ, ಅಳತೆ, ವಿಭಾಗ, ಆವಕ ನಂಬರ್, ಯಾವ ಅಭಿಯಂತಾ, ಅವರು ಕೊಟ್ಟ ದಿನ, ನಿಜಕ್ಕೂ ಆದ ದಿನ. ಜಾಗದ ಖಾನೆಯಲ್ಲಿ ‘ರಸ್ತೆ ಹಾಳಾಗಿದೆ’ ಎಂದು ಬರೆದರೆ ಯಾರೂ ಅಲ್ಲಾಡುವುದಿಲ್ಲ. ‘ಶಾಲೆಯ ಗೇಟಿನಿಂದ ಹಾಲಿನ ಅಂಗಡಿಯವರೆಗೆ, ಎಡಬದಿ, 100 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ’ ಎಂದು ಬರೆದರೆ ಅಭಿಯಂತಾ ಅದನ್ನೇ ಪೂರ್ವಗಣನಪತ್ರಕಕ್ಕೆ (ಕೆಲಸದ ಎಸ್ಟಿಮೇಟ್‌ಗೆ) ಎತ್ತಿಕೊಳ್ಳುತ್ತಾನೆ. ದೀಪವಾದರೆ ಕಂಬದ ಮೇಲೆ ಬಣ್ಣದಲ್ಲಿ ಬರೆದ ನಂಬರ್, ಚೇಂಬರ್ ಆದರೆ ಯಾವ ಮನೆಯ ಎದುರು ಎಂಬುದು ಬೇಕೇ ಬೇಕು. ಒಂದು ಅಳತೆ ಟೇಪು ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಎರಡು ಗಂಟೆ ತಿರುಗಿದರೆ ಒಂದು ಓಣಿಯ ಕೆಲಸ ಮುಗಿಯುತ್ತದೆ.

ವಿಭಾಗ ತಪ್ಪಿದರೆ ಕಾಗದ ಮೂರು ವಾರ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಸಾಮಾನ್ಯವಾಗಿ 12 ಮೀಟರ್ ಮತ್ತು ಅದಕ್ಕಿಂತ ಅಗಲದ ರಸ್ತೆ ಪಥ ವಿಭಾಗದ್ದು (ಪಾಲಿಕೆಯ ರಸ್ತೆ ಇಲಾಖೆ), ಅದಕ್ಕಿಂತ ಕಿರಿದಾದದ್ದು ಕ್ಷೇತ್ರೀಯ ಕಾರ್ಯಾಲಯದ್ದು. ಅರ್ಜಿ ಬರೆಯುವ ಮೊದಲೇ ರಸ್ತೆಯ ಅಗಲ ಅಳೆಯಿರಿ. ಇನ್ನೊಂದು: ಆ ಜಾಗ ಪಾಲಿಕೆಯ ಹೆಸರಿಗೆ ಬಂದಿದೆಯೇ? 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಪುಣೆಗೆ ಸೇರಿದವು. ಆ ಭಾಗದ ಎಷ್ಟೋ ಒಳರಸ್ತೆಗಳು ಇಂದಿಗೂ ಖಾಸಗಿ ಹೆಸರಿನಲ್ಲಿವೆ. ‘ಜಾಗಾ ತಾಬ್ಯಾತ್ ನಾಹೀ’ (ಜಾಗ ನಮ್ಮ ಸ್ವಾಧೀನದಲ್ಲಿಲ್ಲ) ಎಂಬ ಒಂದು ಸಾಲಿನ ಷರಾದಲ್ಲಿ ಸಲಹೆ ಬಿದ್ದುಹೋಗುವುದು ಇಲ್ಲೇ.

ಇನ್ನು ಹಣ. ನಾಗರಿಕರ ಸಹಭಾಗದ ಅಂದಾಜುಪತ್ರಕ ಪುಣೆಯಲ್ಲಿ 2006ರಿಂದಲೇ ಇದೆ. ಪ್ರತಿ ವರ್ಷ ಆಗಸ್ಟ್–ಸೆಪ್ಟೆಂಬರ್ ಸುಮಾರಿಗೆ ಫಾರ್ಮ್ ಕರೆಯುತ್ತಾರೆ, ಕ್ಷೇತ್ರೀಯ ಕಾರ್ಯಾಲಯದಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಒಂದು ಕೆಲಸಕ್ಕೆ ಮಿತಿ 5 ಲಕ್ಷ ರೂಪಾಯಿ. 2025–26ರ ಪಾಲಿಕೆಯ ಅಂದಾಜುಪತ್ರಕ 12,618 ಕೋಟಿ ಇತ್ತು. ಅದರ ಮುಂದೆ 5 ಲಕ್ಷ ಏನೂ ಅಲ್ಲ, ಆದರೆ ಓಣಿಯ ಜನ ತಾವೇ ಹೆಸರಿಟ್ಟು ಕೇಳಿದ ಕೆಲಸ ಪುಸ್ತಕದಲ್ಲಿ ಅಚ್ಚಾಗುವುದು ಈ ಒಂದೇ ದಾರಿಯಲ್ಲಿ. ಮಿತಿಯನ್ನು ಜಿಎಸ್‌ಟಿ ಸೇರಿಸಿಯೇ ಅಂತ ಹಿಡಿದು ಲೆಕ್ಕ ಹಾಕಿ: ಶೇ 18 ತೆಗೆದರೆ ಕೆಲಸಕ್ಕೆ ಉಳಿಯುವುದು 4 ಲಕ್ಷ 23 ಸಾವಿರ. ಮೇಲಿನ ಉದಾಹರಣೆಯ ಫುಟ್‌ಪಾತ್ 150 ಚದರ ಮೀಟರ್ ಆಯಿತು. ಡಿಎಸ್‌ಆರ್ (ಸರ್ಕಾರಿ ದರಪಟ್ಟಿಯ) ದರವನ್ನು ಅಭಿಯಂತಾನ ಹತ್ತಿರ ಕೇಳಿ ಗುಣಿಸಿ ನೋಡಿ. ಮಿತಿ ಮೀರಿದರೆ ಉದ್ದ ಕಡಿಮೆ ಮಾಡಿ. ಅಗಲ ಕಡಿಮೆ ಮಾಡಬೇಡಿ, ಒಂದು ಮೀಟರ್ ಫುಟ್‌ಪಾತಿನಲ್ಲಿ ಇಬ್ಬರು ಎದುರುಬದುರು ಹಾಯಲಾರರು.

ಫಾರ್ಮಿನ ಅವಧಿ ಚಿಕ್ಕದು. ಕರೆದ ಮೇಲೆ ಯೋಚಿಸಲು ಕೂತರೆ ಆಯಿತು, ಮುಗಿಯಿತು. ಜೂನ್, ಜುಲೈ ಸಭೆಗಳನ್ನು ಪೂರ್ತಿ ಇದಕ್ಕೇ ಇಡಿ.

ಕಾತ್ರಜ್ ಕನ್ನಡಿಗ:

ತುಂಬ ಉಪಕಾರವಾಯಿತು ಸರ್. ಒಂದು ಸಂಶಯ. ನಗರಸೇವಕರಿಗೆ ತಮ್ಮದೇ ‘ಸ ಯಾದಿ’, ಅಂದರೆ ಬಜೆಟ್‌ನಲ್ಲಿ ಅವರು ಸೂಚಿಸುವ ಕೆಲಸಗಳ ಪಟ್ಟಿ, ಇದೆಯಲ್ಲ, ಹಾಗಿದ್ದರೆ 5 ಲಕ್ಷದ ಫಾರ್ಮ್ ಯಾಕೆ ತುಂಬಬೇಕು, ಅದರಲ್ಲೇ ಹಾಕಿಸಬಹುದು ಎನ್ನುವವರಿದ್ದಾರೆ. ಕೆಲಸ ಅಂದಾಜುಪತ್ರಕದಲ್ಲಿ ಬಂದರೂ ಆಗದೇ ಉಳಿಯುವುದು ಯಾಕೆ ಎಂಬುದೂ ತಿಳಿಯಬೇಕು.

ಹಳೇ ಎಸ್ಟಿಮೇಟ್:

ಸ ಯಾದಿಯ ಕೆಲಸ ನಗರಸೇವಕರ ಹೆಸರಿನ ಮುಂದೆ ಇರುತ್ತದೆ, ಬೇಕಾದಾಗ ಬದಲಿಸಲೂ ಅವರೇ ಪತ್ರ ಕೊಡುತ್ತಾರೆ. ನಾಗರಿಕರ ಸಲಹೆಯನ್ನು ಬದಲಿಸಿದರೆ ಕೇಳುವವರು ಇರುತ್ತಾರೆ. ಎರಡೂ ಬೇಕು. ದೊಡ್ಡ ಕೆಲಸ ಯಾದಿಯಲ್ಲಿ, ಓಣಿಯ ಕೆಲಸ ಫಾರ್ಮಿನಲ್ಲಿ.

ಕೆಲಸ ಉಳಿಯುವುದಕ್ಕೆ ದೊಡ್ಡ ಕಾರಣ ‘ವರ್ಗೀಕರಣ’. ಒಂದು ಕೆಲಸಕ್ಕೆ ಇಟ್ಟ ಹಣವನ್ನು ವರ್ಷದ ನಡುವೆ ಬೇರೆ ಕೆಲಸಕ್ಕೆ ತಿರುಗಿಸುವುದು. ಸ್ಥಾಯಿ ಸಮಿತಿ, ಮುಖ್ಯಸಭೆಯ ಕಾರ್ಯಸೂಚಿಯಲ್ಲಿ ಇದು ಒಂದು ಸಾಲಾಗಿ ಬಂದು ಹೋಗುತ್ತದೆ, ಓಣಿಯವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಅಂದಾಜುಪತ್ರಕ ಮಂಜೂರಾದ ಕೂಡಲೇ ನಿಮ್ಮ ಕೆಲಸದ ಬಜೆಟ್ ಕೋಡ್ ಬರೆದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಪೂರ್ವಗಣನಪತ್ರಕ ಆಯಿತೇ, ಜೂನ್ ಒಳಗೆ ನಿವಿದಾ (ಟೆಂಡರ್) ಹೊರಟಿತೇ, ಮಳೆ ನಿಂತ ಮೇಲೆ ಕಾರ್ಯಾದೇಶ (ವರ್ಕ್ ಆರ್ಡರ್) ಬಂತೇ, ಈ ಮೂರು ಪ್ರಶ್ನೆಯನ್ನು ಪ್ರತಿ ಸಭೆಯಲ್ಲಿ ಕೋಡ್ ಹಿಡಿದು ಕೇಳಿ. ನಿವಿದಾ ಹೊರಟ ಹಣ ತಿರುಗಿಸುವುದು ಕಷ್ಟ, ಹೊರಡದ ಹಣ ಸುಲಭ. ಡಿಸೆಂಬರ್‌ವರೆಗೂ ಹೊರಡದ ಕೆಲಸ ಒಂದೋ ವರ್ಗೀಕರಣಕ್ಕೆ ಹೋಗುತ್ತದೆ, ಇಲ್ಲವೇ ಮಾರ್ಚ್ ಕೊನೆಯಲ್ಲಿ ಹತ್ತು ದಿನದಲ್ಲಿ ಗಡಿಬಿಡಿಯಲ್ಲಿ ಮುಗಿಯುತ್ತದೆ.

ಆ ಗಡಿಬಿಡಿಯ ಕೆಲಸ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಬಿಲ್ ಆಗುವ ಮೊದಲು ಹೊಸ ಫುಟ್‌ಪಾತಿಗೆ ಒಂದು ಟೇಪು, ಒಂದು ಬಕೆಟ್ ನೀರು ಒಯ್ಯಿರಿ. ಅಂಚಿನ ಒಂದು ಪೇವರ್ ಬ್ಲಾಕ್ ಎತ್ತಿಸಿ ಅಳೆಯಿರಿ. ಎಸ್ಟಿಮೇಟ್‌ನಲ್ಲಿ 60 ಮಿಲಿಮೀಟರ್ ಇದ್ದರೆ 60 ಇರಬೇಕು. 50ರದ್ದು ಕಣ್ಣಿಗೆ ಒಂದೇ ತರಹ ಕಾಣುತ್ತದೆ, ಗಾಡಿ ಹತ್ತಿದಾಗ ಮೂಲೆ ಒಡೆಯುತ್ತದೆ. ಬ್ಲಾಕಿನ ಕೆಳಗೆ ಮರಳಿನ ಹಾಸು, ಅದರ ಕೆಳಗೆ ದಮ್ಮಸು ಹಾಕಿದ ಗಟ್ಟಿ ನೆಲ ಸಿಗಬೇಕು. ಬೆರಳಿಗೆ ನೇರ ಸಡಿಲ ಮಣ್ಣು ಸಿಕ್ಕರೆ ಮೊದಲ ಮಳೆಗಾಲದಲ್ಲೇ ಅಲ್ಲಿ ಕುಣಿ. ಕರ್ಬ್ ಕಲ್ಲು ಅಲ್ಲಾಡುತ್ತಿದ್ದರೆ ಸಾಲು ಸಾಲೇ ರಸ್ತೆಯ ಕಡೆ ಜಾರುತ್ತದೆ. ಆಮೇಲೆ ನೀರು ಸುರಿಯಿರಿ. ಒಂದೂವರೆ ಮೀಟರ್ ಅಗಲಕ್ಕೆ ರಸ್ತೆಯ ಕಡೆ ಮೂರರಿಂದ ನಾಲ್ಕು ಸೆಂಟಿಮೀಟರ್ ಇಳಿಜಾರು ಬೇಕು. ನೀರು ಗೋಡೆಯ ಬುಡದಲ್ಲಿ ನಿಂತರೆ ಇಳಿಜಾರು ತಿರುವುಮುರುವು ಆಗಿದೆ ಎಂದರ್ಥ. ಫೋಟೋ ತೆಗೆದು ಅದೇ ದಿನ ಆವಕಕ್ಕೆ ಕೊಡಿ, ಪತ್ರದಲ್ಲಿ ಕಾರ್ಯಾದೇಶದ ನಂಬರ್ ಇರಲಿ. ಮೋಜಮಾಪ ಪುಸ್ತಕದಲ್ಲಿ (ಮುಗಿದ ಕೆಲಸದ ಅಳತೆ ಬರೆಯುವ ಪುಸ್ತಕ) ಸಹಿ ಬಿದ್ದ ಮೇಲೆ ಕೂಗಿದರೆ ದೋಷ ದಾಯಿತ್ವದ ಅವಧಿ, ಅಂದರೆ ಗುತ್ತಿಗೆದಾರ ದೋಷ ಸರಿಪಡಿಸಬೇಕಾದ ಅವಧಿ, ಹಿಡಿದು ಜಗಳ ಆಡಬೇಕಾಗುತ್ತದೆ, ಅದು ಉದ್ದದ ದಾರಿ.

ಡಾಂಬರು ರಸ್ತೆಯಾದರೆ ನೋಡಬೇಕಾದದ್ದು ಚೇಂಬರ್. ಮೊದಲು ಚೇಂಬರ್ ಎತ್ತರಿಸಿ ಆಮೇಲೆ ಡಾಂಬರು. ಪಥ ವಿಭಾಗ ಮತ್ತು ಮಲನಿಸ್ಸಾರಣ (ಒಳಚರಂಡಿ) ವಿಭಾಗ ಮಾತಾಡಿಕೊಳ್ಳದಿದ್ದರೆ ಚೇಂಬರ್ ಹೂತುಹೋಗುತ್ತದೆ, ಮುಂದಿನ ಸಲ ತುಂಬಿದಾಗ ಅದನ್ನು ಹುಡುಕಲು ಹೊಸ ರಸ್ತೆಯನ್ನೇ ಅಗೆಯುತ್ತಾರೆ. ನಗರಸೇವಕಿ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ಎರಡೂ ವಿಭಾಗದವರನ್ನು ಒಂದೇ ದಿನ ಸ್ಥಳಕ್ಕೆ ಕರೆದು ಜಂಟಿ ಪಾಹಣಿ (ಸ್ಥಳ ತಪಾಸಣೆ) ಮಾಡಿಸಬಹುದು, ಪಾಹಣಿಯ ವರದಿಗೆ ಇಬ್ಬರ ಸಹಿ ಹಾಕಿಸಬಹುದು. ಸಾಮಾನ್ಯ ನಾಗರಿಕ ಕರೆದರೆ ಇಬ್ಬರೂ ಒಟ್ಟಿಗೆ ಬರುವುದಿಲ್ಲ.

ಹಡಪ್ಸರ್ ಮಂದಿ:

ವಸ್ತಿ ಬಗ್ಗೆ ನಾ ಬರೀತೀನ್ರಿ, ಉಳಿದದ್ದು ಸರ್ ಸರಿಯಾಗಿ ಹೇಳ್ಯಾರ.

ಕೂಲಿ ಮಂದಿ ಸಭಾಕ್ಕ ಬರೂದಿಲ್ಲ ಅನ್ನೂದು ತಪ್ಪರಿ. ನೀವು ಕರಿಯೂ ಹೊತ್ತು ತಪ್ಪು. ಭಾನುವಾರ ಮುಂಜಾನೆ ಹನ್ನೊಂದಕ್ಕ ಸಭಾ ಇಟ್ರ ಸೊಸಾಯಟಿ ಮಂದಿ ಅಷ್ಟ ಬರ್ತಾರ. ಗಂಡಸರು ಮುಂಜಾನೆ ಎಂಟರೊಳಗ ಮಜೂರ ನಾಕಾದಾಗ (ಕೂಲಿಗೆ ಕರಕೊಂಡ ಹೋಗೂ ಚೌಕದಾಗ) ನಿಂತಿರ್ತಾರ, ಭಾನುವಾರನೂ ಕೆಲಸ ಸಿಕ್ರ ಹೋಗ್ತಾರ. ರಾತ್ರಿ ಎಂಟೂವರೆಗೆ ವಸ್ತಿಯೊಳಗ, ಗುಡಿ ಕಟ್ಟೀ ಮ್ಯಾಗ ಇಡ್ರಿ. ಹೆಣ್ಣುಮಕ್ಕಳದ್ದು ಬ್ಯಾರೆನ ಇಡ್ರಿ, ಧುಣ್ಯಾ-ಭಾಂಡ್ಯಾ (ಮನಿ ಮನಿ ಬಟ್ಟಿ-ಭಾಂಡೆ ತೊಳಿಯೂ) ಕೆಲಸ ಮುಗಿಸಿ ಬಂದ ಮ್ಯಾಲೆ, ಮೂರರಿಂದ ನಾಕರ ಹೊತ್ತಿಗೆ. ಆದ್ರ ನೀರು ಬಿಡೂ ಟೈಮ್ ಮೊದಲ ಕೇಳ್ಕೋರಿ. ನೀರು ಬಂದ್ರ ಒಬ್ಬಾಕಿನೂ ಕುಂದ್ರೂದಿಲ್ಲ, ಕುಂದ್ರಬಾರದೂ.

ಪಾಲಿಕೆ ಕಾಗದ ಎಲ್ಲಾ ಮರಾಠಿ. ಆಡೂ ಮಾತು ಕನ್ನಡ, ಲಂಬಾಣಿ. ಹಂಗಾಗಿ ನೋಟೀಸು ಎರಡೂ ಭಾಷಾದಾಗ ಅಂಟಸ್ರಿ, ಆದ್ರ ಅರ್ಜಿ ಮರಾಠಿ ಒಳಗ ಬರ್ದ ಕೊಡ್ರಿ, ಬರ್ದ ಮ್ಯಾಲೆ ಅವರಿಗೆ ಕನ್ನಡದಾಗ ಓದಿ ಹೇಳಿ ಆಮ್ಯಾಲೆ ಹೆಬ್ಬಟ್ಟು ಇಲ್ಲಾ ಸಹಿ ತಗೋರಿ. ಓದಿ ಹೇಳದ ಸಹಿ ತಗೊಂಡ್ರ ಎರಡನೇ ಸಲ ನಿಮ್ಮನ್ನ ನಂಬೂದಿಲ್ಲ. ಇಲ್ಲಿ ಹುಟ್ಟಿ ಮರಾಠಿ ಶಾಲಿಗೆ ಹೋಗೂ ಹುಡುಗ್ಯಾರು ಇರ್ತಾರಲ್ರಿ, ಹತ್ತನೇ ಓದೂವರು, ಅವರು ಎರಡೂ ಭಾಷಾ ಛಲೋ ಬರೀತಾರ. ಅವರ ಕೈಯಾಗ ವಹಿ ಕೊಡ್ರಿ.

ಮತದಾರ ಯಾದಿಯಾಗ ಹೆಸರು ಇಲ್ಲದವರ ದೂರನೂ ಬರ್ಕೊಳ್ರಿ. ಚೇಂಬರ್ ಉಕ್ಕಿದಾಗ ಓಟಿನ ಕಾರ್ಡ್ ಕೇಳೂದಿಲ್ಲ. ಆದ್ರ ಒಂದು ಎಚ್ಚರ: ವಸ್ತಿ ಘೋಷಿತ ಝೋಪಡಪಟ್ಟಿ (ಸರ್ಕಾರ ಘೋಷಿಸಿದ ಸ್ಲಮ್) ಹೌದೋ ಅಲ್ಲೋ ಮೊದಲ ತಿಳ್ಕೋರಿ. ಜಾಗಾ ಖಾಸಗಿ ಇದ್ರ ಅಥವಾ ಬ್ಯಾರೆ ಇಲಾಖೆದು ಇದ್ರ ಸಂಡಾಸು, ನಳ ಎಲ್ಲಾದಕ್ಕೂ ಅಡ್ಡಿ ಬರ್ತದ. ಆವಾಗ ಹೊಸ ಕಟ್ಟಡ ಕೇಳೂದಕ್ಕಿಂತ ಇದ್ದ ಸಾರ್ವಜನಿಕ ಸಂಡಾಸಿನ ರಿಪೇರಿ, ಬಾಗಿಲು, ದೀಪ, ನೀರಿನ ಟಾಕಿ ಕೇಳ್ರಿ. ಅದು 5 ಲಕ್ಷದೊಳಗ ಕುಂದರ್ತದ, ಜಲ್ದಿ ಆಗ್ತದ. ಹೆಣ್ಣುಮಕ್ಕಳಿಗೆ ಕೇಳಿ ನೋಡ್ರಿ, ಮೊದಲ ಹೇಳೂದು ಸಂಡಾಸಿನ ಒಳಗಿನ ಕೊಂಡಿ ಮತ್ತ ಲೈಟು.

ಕಸದ ಸಭಾಕ್ಕ ಮನಿ ಮನಿ ಕಸ ತಗೊಳ್ಳೂ ಸ್ವಚ್ಛ್ ಸಹಕಾರಿ ಸಂಸ್ಥಾದ ತಾಯಂದಿರನ್ನ ಕರೀರಿ. ಯಾವ ಓಣ್ಯಾಗ ಗಾಡಿ ಹೋಗೂದಿಲ್ಲ, ಯಾರು ಹಸಿ-ಒಣಾ ಬ್ಯಾರೆ ಮಾಡೂದಿಲ್ಲ, ಅವರಿಗೆ ಗೊತ್ತಿದ್ದಷ್ಟು ಆಫೀಸಿನ್ಯಾಗ ಯಾರಿಗೂ ಗೊತ್ತಿಲ್ಲ.

ಮಾಟುಂಗಾ ವಾಸಿ:

ಮುಂಬೈಯಿಂದ ಎರಡು ಮಾತು. ನಮ್ಮಲ್ಲಿ 227 ಕ್ಷೇತ್ರ, ಒಂದಕ್ಕೆ ಒಬ್ಬರೇ ನಗರಸೇವಕರು. ನಿಮ್ಮಲ್ಲಿ ಸಾಮಾನ್ಯವಾಗಿ ಒಂದು ಪ್ರಭಾಗಕ್ಕೆ ನಾಲ್ವರು, 2011ರ ಜನಗಣತಿ ಲೆಕ್ಕದಲ್ಲೇ ಸರಾಸರಿ 80 ಸಾವಿರ ದಾಟಿದ ಜನ. ಕಾನೂನಿನಲ್ಲಿ ನಾಲ್ವರೂ ಇಡೀ ಪ್ರಭಾಗಕ್ಕೆ ಪ್ರತಿನಿಧಿಗಳೇ. ಅ, ಬ, ಕ, ಡ ಎಂಬುದು ಸೀಟಿನ ಗುರುತು ಅಷ್ಟೇ. ಓಣಿ ಹಂಚಿಕೊಳ್ಳುವುದು ಅವರವರ ಒಳ ಒಪ್ಪಂದ. ಹಾಗಾಗಿ ನಿಮ್ಮ ಪ್ರತಿ ಪತ್ರದ ಮೇಲೂ ನಾಲ್ವರ ಹೆಸರನ್ನೂ ಬರೆಯಿರಿ, ನಾಲ್ವರಿಗೂ ಪ್ರತಿ ಕೊಡಿ. ಸಭೆಗೂ ನಾಲ್ವರನ್ನು ಕರೆಯಿರಿ. ಪಕ್ಷ ಬೇರೆ ಇದ್ದರೆ ಬರಲಿಕ್ಕಿಲ್ಲ, ಆದರೆ ಮುಂದೆ ‘ನನಗೆ ಗೊತ್ತಿರಲಿಲ್ಲ’ ಎನ್ನಲಾಗದು. ಒಬ್ಬರ ಸಭೆಯೆಂದು ಹೆಸರಾದರೆ ಉಳಿದ ಮೂವರು ಆ ಕೆಲಸಕ್ಕೆ ಅಡ್ಡಗಾಲು ಹಾಕುವ ಸಾಧ್ಯತೆ ಹೆಚ್ಚು. ಇದನ್ನು ನಿಮ್ಮ ಮೇಡಂ ಅವರಿಗೆ ಮೊದಲೇ ನೇರವಾಗಿ ಹೇಳಿ.

ಮುಂಬೈಯಲ್ಲಿ 1990ರ ದಶಕದ ಕೊನೆಯಿಂದ ಎಎಲ್‌ಎಂ (ಅಡ್ವಾನ್ಸ್ಡ್ ಲೋಕ್ಯಾಲಿಟಿ ಮ್ಯಾನೇಜ್‌ಮೆಂಟ್) ಗುಂಪುಗಳಿವೆ: ಒಂದು ರಸ್ತೆ ಅಥವಾ ಕೆಲವು ಕಟ್ಟಡದವರು ಸೇರಿ ವಾರ್ಡ್ ಆಫೀಸಿನಲ್ಲಿ ಹೆಸರು ನೋಂದಾಯಿಸಿ, ಕಸ ಬೇರ್ಪಡಿಸುವುದರಿಂದ ಶುರುಮಾಡಿ ರಸ್ತೆ, ಚರಂಡಿಯವರೆಗೂ ವಾರ್ಡ್ ಅಧಿಕಾರಿಯ ಜತೆ ನೇರ ಮಾತಾಡುತ್ತಾರೆ. ಅದರ ಕೊರತೆಯೂ ಕಲಿಯಬೇಕಾದದ್ದೇ. ಗಟ್ಟಿಯಾಗಿ ಉಳಿದದ್ದು ಹೆಚ್ಚಾಗಿ ಸೊಸೈಟಿಗಳಿರುವ ರಸ್ತೆಗಳಲ್ಲಿ. ಚಾಳು, ವಸ್ತಿಗಳು ಹೊರಗೇ ಉಳಿದವು. ಒಳ್ಳೆಯ ಅಧಿಕಾರಿ ಇದ್ದಾಗ ನಡೆಯುತ್ತದೆ, ಬದಲಿ ಆದರೆ ಮಲಗುತ್ತದೆ. ಕಾನೂನಿನ ಬಲ ಇಲ್ಲದ ಗುಂಪಿನ ಗತಿ ಅದು.

ವಾಟ್ಸಾಪ್ ಗುಂಪಿನ ಬಗ್ಗೆ ಯಾರೂ ಬರೆದಿಲ್ಲ. ದೂರು ಅದರಲ್ಲಿ ತೆಗೆದುಕೊಳ್ಳಲೇಬೇಡಿ. ನೂರು ‘ಗುಡ್ ಮಾರ್ನಿಂಗ್’ ನಡುವೆ ದೂರು ಕಳೆದುಹೋಗುತ್ತದೆ, ಟೋಕನ್ ನಂಬರ್ ಇರುವುದಿಲ್ಲ. ರಿಜಿಸ್ಟರಿನ ಪುಟದ ಫೋಟೋ ತಿಂಗಳಿಗೊಮ್ಮೆ ಹಾಕಲು ಮಾತ್ರ ಇಟ್ಟುಕೊಳ್ಳಿ.

ಠರಾವು ಮತ್ತು ನಿಯಮ:

ನಿಯಮದ ಪ್ರಶ್ನೆಗೆ ನನ್ನ ಉತ್ತರ. ಸಂವಿಧಾನದ 1992ರ 74ನೇ ತಿದ್ದುಪಡಿಯಲ್ಲಿ 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಕ್ಕೆ ವಾರ್ಡ್ ಸಮಿತಿ ಕಡ್ಡಾಯ, ಅದು ಅನುಚ್ಛೇದ 243ಎಸ್. ಪುಣೆಗೆ ಅನ್ವಯಿಸುವ 1949ರ ಮಹಾನಗರಪಾಲಿಕೆ ಕಾಯ್ದೆಯ 29ಎ ಪ್ರಕಾರ ಪ್ರಭಾಗ ಸಮಿತಿಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಮೂವರವರೆಗೂ ನಾಗರಿಕ ಸದಸ್ಯರನ್ನು ತೆಗೆದುಕೊಳ್ಳಬಹುದು. ಆರಿಸುವವರು ಆ ಸಮಿತಿಯ ನಗರಸೇವಕರೇ. ಅಲ್ಲಿ ತಮ್ಮ ಪಕ್ಷದ ಕಾರ್ಯಕರ್ತರನ್ನು ಕೂರಿಸಿದರೆ ಉದ್ದೇಶವೇ ಕೆಟ್ಟಿತು. ನಿಮ್ಮ ನಗರಸೇವಕಿ ಮೊದಲು ಹಟ ಹಿಡಿಯಬೇಕಾದದ್ದು ಇಲ್ಲಿ: ಹೆಸರುಗಳನ್ನು ಬಹಿರಂಗವಾಗಿ ಕರೆಯಲಿ, ಅರ್ಜಿಗಳನ್ನು ಫಲಕದಲ್ಲಿ ಹಚ್ಚಲಿ, ಆಮೇಲೆ ಆರಿಸಲಿ. ಇದಕ್ಕೆ ಸರ್ಕಾರದ ಅನುಮತಿಯೂ ಬೇಡ, ಹಣವೂ ಬೇಡ.

ಎರಡನೆಯದು ಕ್ಷೇತ್ರಸಭೆ. ಜೆಎನ್‌ಎನ್‌ಯುಆರ್‌ಎಂ (ಕೇಂದ್ರದ ಹಳೆಯ ನಗರಾಭಿವೃದ್ಧಿ ಯೋಜನೆ) ಹಣ ಬೇಕಿದ್ದರೆ ಜನಸಹಭಾಗದ ಕಾನೂನು ಮಾಡಲೇಬೇಕು ಎಂದು ಕೇಂದ್ರ ಷರತ್ತು ಹಾಕಿತ್ತು, ಅದರಿಂದ ಮಹಾರಾಷ್ಟ್ರ ತನ್ನ ಕಾಯ್ದೆಗೆ ಮತಗಟ್ಟೆಗಳ ಮಟ್ಟದ ಸಭೆಯನ್ನು ಸೇರಿಸಿತು. ಪುಸ್ತಕದಲ್ಲಿ ಇದೆ, ಓಣಿಯಲ್ಲಿ ಇಲ್ಲ. ಹಳ್ಳಿಗೆ ಗ್ರಾಮಸಭೆ ಇರುವ ರಾಜ್ಯದಲ್ಲಿ ಶಹರದ ಓಣಿಗೆ ಅದರ ಕಾಲು ಭಾಗದ ಹಕ್ಕೂ ಸಿಗದಿರುವುದು ಅನ್ಯಾಯ, ಅದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ನಿಮ್ಮ ತಿಂಗಳ ಸಭೆಯನ್ನು ಹೇಗೂ ನಡೆಸುತ್ತೀರಿ. ಹತ್ತಿರದ ನಾಲ್ಕೈದು ಮತಗಟ್ಟೆಗೆ ಒಂದರಂತೆ ಸರದಿ ಹಾಕಿ, ಇತಿವೃತ್ತ (ಸಭೆಯ ನಡಾವಳಿ) ಬರೆದು ಪ್ರಭಾಗ ಸಮಿತಿಗೆ ಕಳಿಸಿ. ಇತಿವೃತ್ತಗಳು ಸಾಲಾಗಿ ದಾಖಲೆಯಲ್ಲಿ ಕೂತರೆ ನಿಯಮಿತ ಕ್ಷೇತ್ರಸಭೆಗೆ ಠರಾವು ಮಂಡಿಸಲು ಕೈಯಲ್ಲಿ ಆಧಾರ ಇರುತ್ತದೆ.

ಮೂರನೆಯದು ಹಳೇ ಎಸ್ಟಿಮೇಟ್ ಅವರು ಹೇಳಿದ ವರ್ಗೀಕರಣ. ನಾಗರಿಕರ ಸಲಹೆಯ ಕೆಲಸದ ಹಣ ತಿರುಗಿಸುವ ಮೊದಲು ಸಲಹೆ ಕೊಟ್ಟವರಿಗೆ 15 ದಿನದ ಲಿಖಿತ ಸೂಚನೆ ಕೊಡಬೇಕು ಎಂಬ ಒಂದೇ ವಾಕ್ಯದ ಠರಾವು ತರಲಿ. ಫಾರ್ಮಿನಲ್ಲಿ ಮೊಬೈಲ್ ನಂಬರ್ ಇರುತ್ತದೆ, ತಿಳಿಸುವುದು ಕಷ್ಟವಲ್ಲ. ಒಬ್ಬರಿಂದ ಮುಖ್ಯಸಭೆಯಲ್ಲಿ ಪಾಸಾಗದು. ಅನುಮೋದಕರು ಬೇಕು, ಬೇರೆ ಪಕ್ಷದವರೂ ಬೇಕು. 16 ಜನರ ಸ್ಥಾಯಿ ಸಮಿತಿಯಲ್ಲಿ ಪ್ರತಿ ವರ್ಷ ಅರ್ಧ ಸದಸ್ಯರು ನಿವೃತ್ತರಾಗುತ್ತಾರೆ, ಆದ್ದರಿಂದ ಈ ವರ್ಷ ಒಪ್ಪದ ಸಮಿತಿ ಮುಂದಿನ ವರ್ಷ ಒಪ್ಪಬಹುದು.

ಮಾಹಿತಿಗೆ ಪ್ರತಿ ಸಲ ಆರ್‌ಟಿಐ ಹಾಕಬೇಕಿಲ್ಲ. ಸೋಮವಾರ ಮಧ್ಯಾಹ್ನ 3ರಿಂದ 5 ಕಡತಗಳನ್ನು ಕೂತು ನೋಡುವ ಪದ್ಧತಿ 2009ರಲ್ಲಿ ಪುಣೆ ಪಾಲಿಕೆಯಲ್ಲೇ ಶುರುವಾದದ್ದು. 2018ರಲ್ಲಿ ರಾಜ್ಯ ಸರ್ಕಾರ ಅದನ್ನು ಜಿಲ್ಲಾ ಮಟ್ಟದ ಕಚೇರಿ ಮತ್ತು ಸ್ಥಳೀಯ ಸಂಸ್ಥೆಗಳಿಗೂ ವಿಸ್ತರಿಸಿತು. ಪುಣೆಯಲ್ಲಿ ಅದು ಈಗಲೂ ನಡೆಯುತ್ತಿದೆಯೇ ಎಂದು ಮೊದಲು ಕೇಳಿಕೊಂಡು, ಕಾರ್ಯಾದೇಶದ ನಂಬರ್ ಹಿಡಿದುಕೊಂಡು ಹೋಗಿ. ಕಡತ ‘ಸಾಹೇಬರ ಬಳಿ ಇದೆ’ ಎಂದರೆ ಹಾಗೆಂದು ಬರೆಸಿಕೊಳ್ಳಿ. ಬರೆದು ಕೊಡದಿದ್ದರೆ ಆವಾಗ ಆರ್‌ಟಿಐ: 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು, ಒಂದೇ ವಿಷಯ, 150 ಶಬ್ದದೊಳಗೆ, 30 ದಿನ ಕಾಯಬೇಕು. ‘ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ತಿರಸ್ಕಾರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಪೂರ್ವಗಣನಪತ್ರಕ, ಕಾರ್ಯಾದೇಶ, ಮೋಜಮಾಪ ಪುಸ್ತಕದ ಪುಟಗಳ ಪ್ರತಿ ಎಂದು ಹೆಸರಿಸಿ ಕೇಳಿ.

ಕಾತ್ರಜ್ ಕನ್ನಡಿಗ:

ಎಲ್ಲರಿಗೂ ಮನಸಾರೆ ಧನ್ಯವಾದ. ಮೊದಲ ಸಭೆಗೆ ಮೊದಲೇ ಒಂದು ಓಣಿಯ ಕಂಬದ ನಂಬರ್, ಚೇಂಬರ್, ರಸ್ತೆ ಅಗಲ ಅಳೆದು ಪಟ್ಟಿ ಮಾಡುತ್ತೇವೆ. ವಸ್ತಿಯ ಸಭೆ ರಾತ್ರಿ ಎಂಟೂವರೆಗೆ. ಇನ್ನೊಂದೇ ಕೇಳುವುದಿದೆ: ಲೋಕಶಾಹಿ ದಿನಕ್ಕೆ, ಅಂದರೆ ಅಧಿಕಾರಿಗಳು ಜನರ ದೂರು ಕೇಳುವ ದಿನಕ್ಕೆ, ಈ ಹಳೆಯ ದೂರುಗಳನ್ನು ಒಯ್ಯಬಹುದೇ?

ಹಳೇ ಎಸ್ಟಿಮೇಟ್:

ಒಯ್ಯಬಹುದು. ತಿಂಗಳ ಮೊದಲ ಸೋಮವಾರ ಇರುತ್ತದೆ, ಅರ್ಜಿ 15 ದಿನ ಮೊದಲೇ ನಿಗದಿತ ನಮೂನೆಯಲ್ಲಿ ಕೊಡಬೇಕು. ದೂರು ವೈಯಕ್ತಿಕ ಸ್ವರೂಪದ್ದಾಗಿರಬೇಕು; ‘ನಮ್ಮ ಓಣಿಯ ಸಮಸ್ಯೆಗಳು’ ಎಂದು ಹತ್ತು ವಿಷಯ ಕಟ್ಟಿಕೊಂಡು ಹೋದರೆ ತೆಗೆದುಕೊಳ್ಳುವುದಿಲ್ಲ. ಕೋರ್ಟಿನಲ್ಲಿರುವ ವಿಷಯ, ಆರ್‌ಟಿಐ ಅಪೀಲು ಅಲ್ಲಿ ನಡೆಯುವುದಿಲ್ಲ. ಚೇಂಬರ್ ನೀರು ಯಾರ ಮನೆಗೆ ನುಗ್ಗುತ್ತದೋ ಅವರ ಹೆಸರಿನಲ್ಲೇ ಅರ್ಜಿ ಹಾಕಿಸಿ, ಹಿಂದಿನ ಆವಕ ನಂಬರಿನ ಝೆರಾಕ್ಸ್ ಹಚ್ಚಿ. ಅವರ ಜತೆ ನಿಮ್ಮಲ್ಲಿ ಒಬ್ಬರು ಹೋಗಿ ಕೂರಿ, ರಿಜಿಸ್ಟರ್ ಕೈಯಲ್ಲಿರಲಿ.